ಮಾತಾಡಬಾರದ ಅತ್ತೆ

ನನ್ನ ಸಿನಿಮಾಗಳನ್ನು ಪ್ರಯೋಗಾತ್ಮಕ ಎನ್ನುತ್ತಾರೆ. ಅಂದರೆ, ಅರ್ಧಕ್ಕೆ ಎದ್ದುಹೋಗುವವರು ಬಾಗಿಲಲ್ಲಿ ನನ್ನನ್ನು ಕಂಡು ಫೋನು ಬಂದಂತೆ ನಟಿಸುತ್ತಾರೆ. ಈಚಿನದರಲ್ಲಿ ಮಾತೇ ಇರಲಿಲ್ಲ. ಕೊನೆಯ ಶಾಟ್ ಒಂದು ಬಾಕಿ: ಜಗಳವಾಡಿ ಹೋಗಿದ್ದ ಮಗ ಮರಳಿ ಬರುತ್ತಾನೆ, ತಾಯಿ ತುಟಿ ಬಿಚ್ಚುವುದಿಲ್ಲ.

ತಾಯಿಯಾಗಿ ಹಿರೇಗುಂಟನೂರಿನ ನಮ್ಮ ಸೋದರತ್ತೆ, ಅವರದೇ ಮನೆಯಲ್ಲಿ. ಮಗನಾಗಿ ನನ್ನ ಗೆಳೆಯ, ಹೊಸದುರ್ಗದ ಶಾಲಾ ಮೇಷ್ಟ್ರು. ಕ್ಯಾಮೆರಾ ಹೊಳಲ್ಕೆರೆಯ ಮದುವೆ ವಿಡಿಯೋದವನದು. ಮಧ್ಯಾಹ್ನ ಅವನು ಹಿರಿಯೂರಿನ ಆರತಕ್ಷತೆಗೆ ಹೊರಟರೆ ಮತ್ತೆ ಸಿಗುವುದು ಮದುವೆ ಸೀಜನ್ ಮುಗಿದ ಮೇಲೆಯೇ. ಆ ಗಡಿಬಿಡಿಯಲ್ಲಿ ನಾನು ತಿಂಡಿಯನ್ನೂ ಮುಟ್ಟಿರಲಿಲ್ಲ.

ಮೇಷ್ಟ್ರು ಹೊಸ್ತಿಲು ದಾಟಿದರು.

“ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ,” ಎಂದರು ಅತ್ತೆ.

“ಕಟ್! ಅತ್ತೆ, ಮಾತಾಡಬಾರ್ದು.”

“ಆತು ಬಿಡಪ್ಪ.”

ಎರಡನೇ ಸಲ ಮಾತಾಡಲಿಲ್ಲ. ಎದ್ದುಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟರು. ಮೇಷ್ಟ್ರು ಕುಡಿದೂಬಿಟ್ಟರು. ಮೂರನೇ ಸಲ ಎಲ್ಲ ಸರಿಯಾಗಿ ನಡೆದಿದ್ದಾಗ ಕ್ಯಾಮೆರಾದವನೇ ಅಭ್ಯಾಸಬಲದಿಂದ, “ಅಜ್ಜಿ, ಇತ್ಲಾಗೆ ನೋಡಿ ಸ್ವಲ್ಪ ನಗ್ರಿ,” ಎಂದ. ಅತ್ತೆ ನಕ್ಕರು.

ನಾನು ಕೂಗಾಡಿದೆ. ಅವನ ಮೇಲಲ್ಲ, ಕ್ಯಾಮೆರಾ ಅವನದು, ಅತ್ತೆಯ ಮೇಲೆ.

“ಬಂದೋರ್ನ ಬರ್ರಿ ಅನ್ಬಾರ್ದು, ನೀರು ಕೊಡ್ಬಾರ್ದು, ನಗ್ಬಾರ್ದು. ಲೇ, ಇದೆಂಥ ದರಿದ್ರ ಸಿನ್ಮಾ ನಿಂದು?” ಎಂದು ಅತ್ತೆ ಗೋಡೆಯತ್ತ ತಿರುಗಿ ಕೂತುಬಿಟ್ಟರು. ಎಷ್ಟು ಬೇಡಿಕೊಂಡರೂ ನನಗೆ ಉತ್ತರವಿಲ್ಲ.

ಆಗ ಹೊಳೆಯಿತು: ನನಗೆ ಬೇಕಾದ ಮೌನ ಇದೇ! ಆದರೆ ಅತ್ತೆಗೆ ಸಿಟ್ಟು ನನ್ನ ಮೇಲೆ, ಹಾಗಾಗಿ ಅದು ಸಿಗುವುದು ನನಗೊಬ್ಬನಿಗೇ. ಅದೃಷ್ಟಕ್ಕೆ, ಪ್ರಯೋಗವೆಂದು ಸಿನಿಮಾದುದ್ದಕ್ಕೂ ಮಗನ ಬೆನ್ನನ್ನಷ್ಟೇ ತೋರಿಸಿದ್ದೆ. ಮೇಷ್ಟ್ರ ಅಂಗಿ ಬಿಚ್ಚಿಸಿ ನಾನು ತೊಟ್ಟೆ. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ, ಬೆನ್ನು ಮಾತ್ರ ಲಕ್ಷಣವಾಗಿತ್ತು.

ಒಳಗೆ ಹೋಗಿ ನಿಂತೆ. ಅತ್ತೆ ತಿರುಗಲಿಲ್ಲ. ಎಂಥ ಮೌನ! ಬನಿಯನ್ನಿನಲ್ಲಿದ್ದ ಮೇಷ್ಟ್ರು ಕ್ಯಾಮೆರಾದವನ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಕಟ್ ಅನ್ನಬೇಕಾದ ನಾನು, ಇನ್ನೊಂಚೂರು ಇರಲಿ ಎಂಬ ಆಸೆಗೆ ನಿಂತೇ ಇದ್ದೆ.

ಅತ್ತೆ ಗೋಡೆಗೆ ಹೇಳಿದರು: “ಬೆಳಿಗ್ಗಿಂದ ಏನೂ ತಿಂದಿಲ್ಲ ಅದು. ಮುದ್ದೆ ಐತೆ, ಉಣ್ಣಾಕೆ ಬಾರಲೇ.”

“ಹ್ಞೂಂ ಅತ್ತೆ,” ಎಂದೆ.

ಕ್ಯಾಮೆರಾದವನು ಗಂಟುಮೂಟೆ ಕಟ್ಟಿ ಹಿರಿಯೂರಿಗೆ ಹೊರಟ. ಶಾಟ್ ಅತ್ತೆಯ ಮಾತಿನ ಸಮೇತ ಹಾಗೆಯೇ ಉಳಿಯಿತು. ಮಾತಿಲ್ಲದ ಸಿನಿಮಾದ ಕೊನೆಗೆ ‘ಸಂಭಾಷಣೆ: ನಮ್ಮ ಸೋದರತ್ತೆ’ ಎಂದು ಹಾಕಿದೆ. ಚಿತ್ರದುರ್ಗದ ಪ್ರದರ್ಶನದಲ್ಲಿ ಕೊನೆತನಕ ಕೂತವರೆಲ್ಲ ಆ ಮಾತಿಗೆ ಚಪ್ಪಾಳೆ ತಟ್ಟಿದರು. ಒಬ್ಬರು ಮೇಷ್ಟ್ರು, ಇನ್ನೊಬ್ಬರು ಅತ್ತೆ.