ನಾನು ಎಂಟಕ್ಕೆ ಮಲಗಿದ ಮಳೆಗಾಲ

ನಾನು ಒಂದನೇ ಕ್ಲಾಸಿಗೆ ಸೇರಿದ ಕಾಲಕ್ಕೆ ನಮ್ಮ ಕಡೆ ಮಕ್ಕಳನ್ನು ಮಲಗಿಸುವುದು ಎಂಬ ಕೆಲಸವೇ ಇರಲಿಲ್ಲ. ಮಕ್ಕಳು ಬಿದ್ದಲ್ಲೇ ಮಲಗುತ್ತಿದ್ದವು. ದೊಡ್ಡವರು ಕೈ ಬಿಡುವಾದಾಗ, ಒಣಗಿದ ಬಟ್ಟೆ ಎತ್ತಿಡುವ ಹಾಗೆ ಎತ್ತಿ ಚಾಪೆಗೆ ಹಾಕುತ್ತಿದ್ದರು. ಯಾರ ತೊಡೆಯ ಮೇಲೆ ಕಣ್ಣು ಮುಚ್ಚಿದೆವು, ಯಾರ ಕಂಬಳಿಯೊಳಗೆ ಎದ್ದೆವು ಎಂದು ಕೇಳಿದವರಿಲ್ಲ. ಹಳ್ಳಿ ಕಡೆ ಬೆಳೆದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ಹುಣಸೂರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಸ್ಕೂಲ್ ಯೂನಿಫಾರಂ ನಮ್ಮ ಮುಖ್ಯ ವ್ಯಾಪಾರ. ಮೇ ಕೊನೆಯ ವಾರದಿಂದ ಜೂನ್ ಮುಗಿಯುವತನಕ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೊದಲ ಸಲ ಸ್ಕೂಲಿಗೆ ಹೋಗುವ ಮಗುವಿನ ಕೈ ಹಿಡಿದು ಬಂದ ತಾಯಿಗೆ ಬಟ್ಟೆಯ ಜೊತೆ ನನ್ನ ಬುದ್ಧಿಮಾತು ಬಿಟ್ಟಿ. "ಎರಡಿಂಚು ದೊಡ್ಡದೇ ತಗೊಳಮ್ಮ, ದೀಪಾವಳಿ ಹೊತ್ಗೆ ಸರಿಹೋಯ್ತದೆ. ಇವತ್ತಿಂದ್ಲೇ ಎಂಟು ಗಂಟೆಗೆ ಮಲಗಿಸೋ ಅಭ್ಯಾಸ ಮಾಡು. ಮೊಬೈಲ್ ಮಾತ್ರ ಕೈಗೆ ಕೊಡ್ಬೇಡ." ಅವರು ತಲೆಯಾಡಿಸುತ್ತಾರೆ. ಬೆಲೆ ಇಳಿಸು ಎಂದು ಕೇಳುವವರಿಗೂ ನಾನು ಇದೇ ಮಾತು ಹೇಳಿ ಮನಸ್ಸು ತಿರುಗಿಸುವುದುಂಟು. ಆ ಎಂಟು ಗಂಟೆಯ ಪಾಠವನ್ನು ನಾನು ಯಾವ ಡಾಕ್ಟರಿಂದಲೂ ಕಲಿತದ್ದಲ್ಲ. ಆರನೇ ವಯಸ್ಸಿನಲ್ಲಿ, ಒಂದು ಮಳೆಗಾಲದಲ್ಲಿ ಕಲಿತದ್ದು.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕಂಪಲಾಪುರದಿಂದ ಎರಡು ಮೈಲಿ ಒಳಗೆ. ಹೊಗೆಸೊಪ್ಪು ಬೆಳೆಯುವ ಸೀಮೆ. ಜೂನ್‌ನಲ್ಲಿ ಸ್ಕೂಲು ಶುರುವಾದರೆ, ಜುಲೈ ಕೊನೆಗೆ ಹೊಲದಲ್ಲಿ ಸೊಪ್ಪು ಮುರಿಯುವುದು ಶುರು. ಬೆಳಿಗ್ಗೆ ಮುರಿದ ಹಸಿ ಎಲೆಯನ್ನು ಅವತ್ತೇ ಕೋಲಿಗೆ ಕಟ್ಟಿ ಬ್ಯಾರನ್ನಿಗೆ ತುಂಬಬೇಕು. ಬ್ಯಾರನ್ ಎಂದರೆ ಒಳಗೆ ಬಿಸಿ ಕೊಟ್ಟು ಸೊಪ್ಪು ಒಣಗಿಸುವ, ಕಿಟಕಿಯಿಲ್ಲದ ಎತ್ತರದ ಕಟ್ಟಡ. ಎಲೆ ರಾಶಿಯಲ್ಲೇ ಉಳಿದರೆ ಕಾವು ಹಿಡಿದು ಕಪ್ಪಾಗುತ್ತದೆ, ವರ್ಷದ ದುಡಿಮೆ ಹೋಯಿತು. ಹಾಗಾಗಿ ಸಂಜೆಯಾದರೆ ಮನೆಮಂದಿಯೆಲ್ಲ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಕೂರುತ್ತಿದ್ದೆವು. ಕೋಲಿಗೆ ದಾರದಲ್ಲಿ ಎಲೆ ಕಟ್ಟುವುದು ಅವ್ವ. ತೊಟ್ಟು ಸಮ ಮಾಡಿ, ಮೂರು ಮೂರು ಎಲೆ ಅವಳ ಕೈಗೆ ಕೊಡುವುದು ನಾನು. ಕೊಡುವ ಕೈ ನಿಂತರೆ ಕಟ್ಟುವ ಕೈಯೂ ನಿಂತಂತೆಯೇ.

ಆ ವಾಸನೆ ಈಗಲೂ ಮೂಗಿನಲ್ಲಿದೆ. ಹಸಿ ಸೊಪ್ಪಿನ ಅಂಟು ಅಂಗೈಗೆ ಕಪ್ಪಗೆ ಮೆತ್ತಿಕೊಂಡು ಸೋಪಿಗೂ ಬಗ್ಗುತ್ತಿರಲಿಲ್ಲ. ಮುದ್ದೆ ಮುರಿದರೆ ಮುದ್ದೆಯೂ ಕಹಿ. ಆದರೂ ಅಲ್ಲಿ ಬೇಜಾರು ಅನ್ನುವುದಿರಲಿಲ್ಲ. ಅಪ್ಪ ಬ್ಯಾರನ್ನಿನ ಒಲೆಯ ಕೆಂಡದಲ್ಲಿ ಮುಸುಕಿನ ಜೋಳ ಹೂತಿಡುತ್ತಿದ್ದ. ಪಕ್ಕದ ಮನೆಯ ಹೆಂಗಸರು ಇವತ್ತು ನಮಗೆ, ನಾಳೆ ಅವರಿಗೆ ಎಂಬ ಲೆಕ್ಕದಲ್ಲಿ ಮುಯ್ಯಾಳಾಗಿ ಬಂದು ಊರಿನ ಸುದ್ದಿಯೆಲ್ಲ ಬಿಚ್ಚುತ್ತಿದ್ದರು. ನಾವು ಮಕ್ಕಳು ದೊಡ್ಡ ಎಲೆ ಆರಿಸಿ ತಲೆಗೆ ಟೋಪಿ ಮಾಡಿಕೊಂಡು ಬೈಸಿಕೊಳ್ಳುತ್ತಿದ್ದೆವು. ಎಲೆ ಕೊಡುತ್ತ ಕೊಡುತ್ತಲೇ ನನಗೆ ತೂಕಡಿಕೆ. ಅವ್ವ ಮೊಣಕೈಯಲ್ಲಿ ತಿವಿದು, "ಇನ್ನೊಂದ್ ನಾಕ್ ಕೋಲು ಕಣಮ್ಮಿ, ಆಯ್ತು ಆಯ್ತು" ಅನ್ನುವಳು. ಆ ನಾಲ್ಕು ಕೋಲು ಮುಗಿಯುವಾಗ ಹತ್ತು, ಹತ್ತೂವರೆ.

ಸ್ಕೂಲಿನಲ್ಲಿ ನಾನು ಸ್ಲೇಟಿನ ಮೇಲೆ ಮಲಗುತ್ತಿದ್ದೆ. ಬಾಯಿಂದ ಇಳಿದ ಜೊಲ್ಲಿಗೆ ಬರೆದ ಅಕ್ಷರ ಅಳಿಸಿಹೋಗುತ್ತಿತ್ತು. ಕೆನ್ನೆಯ ಮೇಲೆ 'ಅ' ಮೂಡಿದೆ ಎಂದು ಪಕ್ಕದವರು ನಗುತ್ತಿದ್ದರು. ಮೇಡಂ ಮೊದಲು ಮುಖ ತೊಳೆಸಿದರು, ಆಮೇಲೆ ನಿಲ್ಲಿಸಿದರು. ನಿಂತಲ್ಲೂ ನಾನು ಗೋಡೆಗೊರಗಿ ಮಲಗಿದೆ. ಕೊನೆಗೆ ಅಪ್ಪನನ್ನು ಕರೆಸಿದರು.

"ಪುಟ್ಟಸ್ವಾಮಿಯವರೇ, ಈ ಮಗು ರಾತ್ರಿ ಎಷ್ಟೊತ್ತಿಗೆ ಮಲಗುತ್ತೆ?"

"ಅದ್ಕೆ ನಿದ್ದೆ ಬಂದಾಗ ಮನೀಕತದೆ ಮೇಡಮ್ಮಾರೆ."

"ಎಂಟು ಗಂಟೆಗೆ ಮಲಗಿಸಬೇಕು. ಗೌರಿ ಹಬ್ಬದವರೆಗೆ ನೋಡ್ತೀನಿ. ಹೀಗೇ ಆದರೆ ಈ ವರ್ಷ ಮನೇಲೇ ಇಟ್ಕೊಳ್ಳಿ, ಮುಂದಿನ ವರ್ಷ ಸೇರಿಸಿ. ಕಲಿಯೋದಕ್ಕೆ ಎಚ್ಚರ ಬೇಕಲ್ಲ."

ಅಪ್ಪ ತಲೆ ಕೆರೆದುಕೊಂಡ. "ಎಂಟಕ್ಕೆ ಮನಗ್ಸುದ್ರೆ ಸೊಪ್ಪು ಕೊಡೋರ್ ಯಾರು ಮೇಡಮ್ಮಾರೆ? ಎಲ್ಡು ತಿಂಗ್ಳು ತಡ್ಕೊಳಿ."

"ಅದು ನಿಮಗೆ ಬಿಟ್ಟಿದ್ದು," ಎಂದರು ಮೇಡಂ. ಕೆಟ್ಟವರಲ್ಲ ಅವರು. ಅಪ್ಪ ಹೇಳಿದ್ದೂ ಸುಳ್ಳಲ್ಲ.

ಆ ಸಂಜೆ ಚಪ್ಪರದಲ್ಲಿ ಈ ಮಾತು ಎದ್ದಿತು. ಅಜ್ಜಿ, "ಮನೇಲೇ ಇರ್ಲಿ ಬುಡು, ಒಂದ್ ವರ್ಸದಲ್ಲಿ ಏನ್ ಲಾಯರ್ ಆಗೋಳಿದ್ಲಾ?" ಎಂದಳು. ಮನೆಯಲ್ಲಿದ್ದರೆ ಏನು ಕಾದಿದೆ ಎಂದು ಗೊತ್ತಿತ್ತು. ಸಂಜೆ ಮಾತ್ರವಲ್ಲ, ಹಗಲೂ ಸೊಪ್ಪು. ನನಗೆ ಸ್ಕೂಲು ಬೇಕಿತ್ತು. ನಾನು ಎಲೆ ಕೆಳಗಿಟ್ಟು ಎದ್ದು ನಿಂತೆ.

"ನಾನು ಎಂಟಕ್ಕೆ ಮನೀಕತೀನಿ. ನನ್ ಸೊಪ್ಪ ಅಕ್ಕ ಕೊಡ್ಲಿ. ಬೆಳಿಗ್ಗೆ ಅಕ್ಕನ ಕಸ ನಾನು ಗುಡಿಸ್ತೀನಿ. ಕೊಟ್ಟಿಗೇದೂವೆ."

ಅಕ್ಕ ಎಂದರೆ ಭಾಗ್ಯಕ್ಕ. ನನಗಿಂತ ಆರೇಳು ವರ್ಷ ದೊಡ್ಡವಳು, ಕಂಪಲಾಪುರದ ಸ್ಕೂಲಿನಲ್ಲಿ ಏಳನೇ ಕ್ಲಾಸು. ಏಳಕ್ಕೆ ಆಗ ಪಬ್ಲಿಕ್ ಪರೀಕ್ಷೆ ಇತ್ತು. ಅದಕ್ಕೇ ಆ ವರ್ಷ ಅವಳಿಗೆ ಸೊಪ್ಪಿನಿಂದ ವಿನಾಯಿತಿ. ಚಪ್ಪರದ ಕೊನೆಯ ಬಲ್ಬಿನ ಕೆಳಗೆ ಕೂತು ಓದುತ್ತಿದ್ದಳು.

ಪಕ್ಕದ ಮನೆಯ ದೊಡ್ಡತಾಯಮ್ಮ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಸರ್ಯಾಗಿ ಯಾಪಾರ ಕಲ್ತವ್ಳೆ ಕಣ್ಲಾ ಪುಟ್ಸಾಮಿ ನಿನ್ ಮಗ್ಳು! ಸಂತೆಗೆ ಕಳ್ಸು ಇವ್ಳ, ನೀನ್ ಮನೇಲಿರು."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಪುಸ್ತಕ ಹಿಡಿದುಕೊಂಡೇ ಬಂದು ನನ್ನ ಜಾಗದಲ್ಲಿ ಕೂತು, "ಬುಡವ್ವ, ನಾನೇ ಕೊಡ್ತೀನಿ. ಮನೀಕಳ್ಳಿ ಅದು" ಎಂದಳು. ಅವಳು ದೊಡ್ಡವಳು, ತಡೆಯುತ್ತಾಳೆ ಎಂದು ಅಪ್ಪ ಅವ್ವ ಅಂದುಕೊಂಡರು. ಗೆದ್ದೆ ಎಂದು ನಾನಂದುಕೊಂಡೆ.

ಆದರೆ ಮಲಗು ಎಂದ ಕೂಡಲೇ ಮಲಗಲು ನನಗೆ ಎಲ್ಲಿ ಬರುತ್ತಿತ್ತು? ಮಾತು, ನಗು, ಎಲೆಯ ಸರಬರ ಸದ್ದಿನ ನಡುವೆ ಬೀಳುತ್ತಿದ್ದವಳು ನಾನು. ಈಗ ಮನೆಯೊಳಗೆ ಅಜ್ಜಿಯ ಪಕ್ಕ ಚಾಪೆ, ದೀಪ ಆರಿಸಿದ ಕತ್ತಲು. ಗವ್ವೆನ್ನುವ ಮೌನಕ್ಕೆ ಕಣ್ಣು ಇನ್ನಷ್ಟು ತೆರೆದುಕೊಳ್ಳುತ್ತಿತ್ತು. ಎಚ್ಚರವಿದ್ದೇನೆಂದು ಗೊತ್ತಾದರೆ ವಾಪಸು ಕರೆದು ಕೂರಿಸುತ್ತಾರೆ ಎಂಬ ಭಯ. ಕಣ್ಣು ಬಿಗಿಯಾಗಿ ಮುಚ್ಚಿ, ದೊಡ್ಡವರ ಹಾಗೆ ಗೊರಕೆ ಹೊಡೆದು ತೋರಿಸಿದೆ. ಅಜ್ಜಿ ನಂಬಲಿಲ್ಲ. ಅಂಗಾಲಿಗೆ ಹರಳೆಣ್ಣೆ ತಿಕ್ಕಿದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಒಂದು ವಾರ ಕಳೆದರೂ ಮೇಡಂ ದೂರು ನಿಲ್ಲದಿದ್ದಾಗ, "ತಡಿ, ಇದ್ಕೆ ಮದ್ದು ನನ್ ತಾವದೆ" ಎಂದು ಗಸಗಸೆ ಪಾಯಸ ಮಾಡಿದಳು.

ಹಬ್ಬದ ಅಡುಗೆ, ಹಬ್ಬವಿಲ್ಲದ ದಿನ. ಬೆಲ್ಲ, ತೆಂಗಿನಕಾಯಿ, ಏಲಕ್ಕಿ ಹಾಕಿ ರುಬ್ಬಿದ ಗಟ್ಟಿ ಪಾಯಸ. ಒಂದು ಲೋಟ ಸಾಕಿತ್ತು, ನಾನು ಚೌಕಾಸಿ ಮಾಡಿ ಮೂರು ಲೋಟ ಕುಡಿದೆ. ಮಲಗಿದೆ ನೋಡಿ! ಬೆಳಿಗ್ಗೆ ಅವ್ವ ನಿದ್ದೆಯಲ್ಲೇ ಸ್ನಾನ ಮಾಡಿಸಿ, ನಿದ್ದೆಯಲ್ಲೇ ಜಡೆ ಹಾಕಿ, ಅಕ್ಕನ ಸೊಂಟಕ್ಕೇರಿಸಿ ಸ್ಕೂಲಿಗೆ ಕಳಿಸಿದಳು. ಮಧ್ಯಾಹ್ನದ ಗಂಟೆ ಹೊಡೆದಾಗ ನಾನು ಎದ್ದದ್ದು. ಮೇಡಂ ವಿಷಯ ತಿಳಿದು ಹಣೆ ಚಚ್ಚಿಕೊಂಡರು. "ಎಂಟು ಗಂಟೆಗೆ ಮಲಗಿಸಿ ಅಂದೆ, ಎರಡು ದಿನಕ್ಕೆ ಮಲಗಿಸಿ ಅಂದ್ನಾ?"

ಗಸಗಸೆ ನಿಂತಿತು. ಅಜ್ಜಿಗೆ ಬೇರೆ ಉಪಾಯ ಉಳಿಯದೆ ಬೆನ್ನು ತಟ್ಟುತ್ತ ಕೂತಳು, ಅಷ್ಟೇ. ದಿನವೂ ಅದೇ ಹೊತ್ತು, ಅದೇ ಚಾಪೆ, ಅದೇ ತಟ್ಟು. ಹೀಗೆ ಹದಿನೈದು ದಿನ ಹೋದ ಮೇಲೆ ನನಗೇ ಗೊತ್ತಾಗದಂತೆ ಎಂಟಕ್ಕೆ ಕಣ್ಣೆಳೆಯಲು ಶುರುವಾಯಿತು. ನಾನು ತಾಯಂದಿರಿಗೆ ಹೇಳುವ ಉಪಾಯ ಇಷ್ಟೇ. ಗೌರಿ ಹಬ್ಬದ ಹೊತ್ತಿಗೆ 'ಅ'ದಿಂದ 'ಳ'ವರೆಗೆ ಬರೆದೆ. ಮೇಡಂ ನನ್ನ ಗಲ್ಲ ಹಿಡಿದು, "ಈಗ ನೋಡು, ಎಷ್ಟು ಚುರುಕು" ಎಂದರು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಉಳಿಯಿತು.

ಕಸ ಗುಡಿಸುವ ಮಾತನ್ನು ಮೂರೇ ದಿನ ನಡೆಸಿದೆ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕನೇ ದಿನದಿಂದ ಅದೂ ಅಕ್ಕನ ತಲೆಗೇ ಬಿತ್ತು. ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಮೊದಮೊದಲು ಅಕ್ಕ ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡೇ ಎಲೆ ಕೊಡುತ್ತಿದ್ದಳಂತೆ. ಸೊಪ್ಪಿನ ಅಂಟು ತಾಗಿ ಹಾಳೆಗಳು ಒಂದಕ್ಕೊಂದು ಹಿಡಿದುಕೊಂಡವು. ಬಿಡಿಸಲು ಹೋದರೆ ಹರಿದವು. ಸಮಾಜ ಪುಸ್ತಕದ ಅರ್ಧ ಪಾಠ ಹಾಗೆಯೇ ಮುಚ್ಚಿಕೊಂಡಿತು. ಹತ್ತೂವರೆಗೆ ಮಲಗಿ, ಬೆಳಗಿನ ಜಾವ ಎದ್ದು, ಕಸ, ನೀರು, ಮುದ್ದೆ ಮುಗಿಸಿ ಎರಡು ಮೈಲಿ ನಡೆಯುತ್ತಿದ್ದಳು. ಅವಳ ಸ್ಕೂಲಿನಿಂದ ಅಪ್ಪನಿಗೆ ಯಾರೂ ಹೇಳಿ ಕಳಿಸಲಿಲ್ಲ. ಅಷ್ಟು ದೊಡ್ಡ ಹುಡುಗಿ ತೂಕಡಿಸಿದರೆ ಅದು ಸೋಮಾರಿತನ. ಬೆಂಚಿನ ಮೇಲೆ ನಿಲ್ಲಿಸಿದರು. ಹುಡುಗರು ಗೊರಕೆಯ ಸದ್ದು ಮಾಡಿ ಗೇಲಿ ಮಾಡಿದರು.

ದಸರಾ ರಜೆಗೆ ಮುಂಚಿನ ಪರೀಕ್ಷೆಯ ದಿನ ಅವಳು ಸಂಜೆ ಬಂದು ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದಳು. ನಾನು ಹತ್ತಿರ ಹೋದೆ.

"ಪುಟ್ಟಿ, ಯಾರ್ಗೂ ಹೇಳ್ಬೇಡ. ಲೆಕ್ಕದ ಪೇಪರ್ ಮೇಲೇ ಮನೀಕಬುಟ್ಟೆ ಕಣೆ. ಗಂಟೆ ವೊಡ್ದಾಗ್ಲೇ ಎಚ್ರ ಆಗಿದ್ದು. ಹೆಸ್ರೊಂದೇ ಬರ್ದಿದ್ದೆ."

ರಜೆ ಮುಗಿದು ಸ್ಕೂಲು ತೆರೆದ ದಿನ ಅವಳು ಚೀಲ ಎತ್ತಿಕೊಳ್ಳಲಿಲ್ಲ. "ನಾ ವೋಗಲ್ಲ ಕನವ್ವ," ಎಂದಳು. ಅವ್ವ, "ಪರೀಕ್ಸೆ ಒಂದ್ ಮುಗಿಸ್ಬುಡು ಮಗಾ" ಎಂದು ಎರಡು ಸಲ ಹೇಳಿದಳು. ಅಪ್ಪ ಬೀಡಿ ಹಚ್ಚಿ, "ಓದಾಕೆ ಇಷ್ಟ ಇಲ್ದಿದ್ರೆ ಬುಡು" ಎಂದ. ಇಷ್ಟ ಇಲ್ಲದ್ದಲ್ಲ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಹೇಳಬೇಡ ಎಂದಿದ್ದಳಲ್ಲ. ಹೇಳಿದರೆ ಎಲ್ಲಿ ನನ್ನನ್ನು ಮತ್ತೆ ಚಪ್ಪರಕ್ಕೆ ಕೂರಿಸುತ್ತಾರೋ ಎಂಬುದೂ ಇತ್ತು. ನನ್ನ ಚೀಲ ಎತ್ತಿಕೊಂಡು ಸ್ಕೂಲಿಗೆ ಹೋದೆ.

ಎರಡು ಮೂರು ದಿನ ಬಿಟ್ಟು, ಅವಳು ಪಾತ್ರೆ ಬೆಳಗುವಾಗ ಹೋಗಿ ಪಕ್ಕದಲ್ಲಿ ಕೂತೆ. "ಅಕ್ಕಾ, ಇವತ್ತಿಂದ ಸೊಪ್ಪ ನಾನೇ ಕೊಡ್ತೀನಿ. ನೀನು ಎಂಟಕ್ಕೆ ಮನೀಕೊ. ಸ್ಕೂಲ್ಗೋಗು."

ಅಕ್ಕ ಬೂದಿಗೈಯಲ್ಲೇ ನನ್ನ ಮೂಗು ಹಿಂಡಿದಳು. "ಸೊಪ್ಪೇ ಮುಗ್ದೋಯ್ತಲ್ಲಮ್ಮಿ. ಏನ್ ಕೊಟ್ಟೀಯೆ?"

ಹೌದು. ಹಿಂದಿನ ದಿನವೇ ಕೊನೆಯ ಬ್ಯಾರನ್ನಿನ ಸೊಪ್ಪು ಇಳಿಸಿದ್ದರು.

ನಾನು ಓದಿದೆ. ಡಿಗ್ರಿ ಅರ್ಧಕ್ಕೆ ಬಿಟ್ಟರೂ ಲೆಕ್ಕಕ್ಕೆ, ಮಾತಿಗೆ ಕಡಿಮೆಯಿಲ್ಲ. ಸಂತೆಯಲ್ಲಿ ಬಟ್ಟೆ ಹರಡಿಕೊಂಡು ಶುರು ಮಾಡಿ ಸ್ವಂತ ಅಂಗಡಿ ಕಟ್ಟಿದೆ. ಸೂರತ್ತಿನ ವ್ಯಾಪಾರಿಯನ್ನೂ ಫೋನಿನಲ್ಲೇ ಬಗ್ಗಿಸುತ್ತೇನೆ. ಭಾಗ್ಯಕ್ಕನನ್ನು ಚುಂಚನಕಟ್ಟೆ ಕಡೆಗೆ ಕೊಟ್ಟರು, ಭತ್ತದ ಗದ್ದೆ, ಎರಡು ಹಸು. ಈಗ ಅವಳಿಗೆ ಮೊಮ್ಮಗಳು.

ಹೋದ ಜೂನ್‌ನಲ್ಲಿ ಆ ಮೊಮ್ಮಗಳಿಗೆ ಯೂನಿಫಾರಂ ತೆಗೆಯಲು ಬಂದಿದ್ದಳು. ಒಬ್ಬ ಗಿರಾಕಿಗೆ ನಾನು ಎಂಟು ಗಂಟೆಯ ಪಾಠ ಹೇಳುತ್ತಿದ್ದೆ. ಅಕ್ಕ ಸ್ಟೂಲಿನ ಮೇಲೆ ಕೂತು ನಗುತ್ತ ಕೇಳುತ್ತಿದ್ದಳು. ಗಿರಾಕಿ ಹೋದ ಮೇಲೆ, ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿಯೇಬಿಟ್ಟೆ. "ಅಕ್ಕ, ಆ ವರ್ಷ ನೀನು ಯಾಕೆ ಆಗಲ್ಲ ಅನ್ಲಿಲ್ಲ?"

"ಯಾವ್ ವರ್ಸ?" ಎಂದಳು. ಆಮೇಲೆ ಅವಳಿಗೇ ತಿಳಿಯಿತು. "ನೀನ್ ಸಣ್ಣೋಳಲ್ವೇನೆ. ನಿದ್ದೆಗೆಟ್ರೆ ನೀನ್ ಅಳ್ತಿದ್ದೆ. ನಾನ್ ಅಳ್ತಿರ್ಲಿಲ್ಲ."

ಮನೆಗೆ ಕರೆದುಕೊಂಡು ಹೋಗಿ ಊಟ ಬಡಿಸಿದೆ. ಉಂಡು, "ಬಸ್ಗೆ ಇನ್ನೂ ಹೊತ್ತೈತಲ್ಲ, ಐದ್ ನಿಮಿಷ ಬೆನ್ ಚಾಚ್ತೀನಿ" ಎಂದು ನೆಲದ ಮೇಲೇ ಒರಗಿದವಳು ಮರುಗಳಿಗೆ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು. ಮೊಮ್ಮಗಳು ಎಬ್ಬಿಸಲು ಹೋದಳು. ನಾನು ಕೈ ಹಿಡಿದು ತಡೆದು, ಕಿಟಕಿಯ ಪರದೆ ಎಳೆದು, ಮಿಕ್ಸಿ ಹಾಕಲು ಹೋದ ಸೊಸೆಗೆ ಸನ್ನೆ ಮಾಡಿದೆ. ಮಲಗಲಿ, ಒಂದು ಮಧ್ಯಾಹ್ನವಾದರೂ ಮಲಗಲಿ ಎಂದು ಬಾಗಿಲಲ್ಲಿ ಕಾವಲು ಕೂತೆ. ನಾಲ್ಕರ ಬಸ್ಸು ಹೋಯಿತು.

ಐದೂವರೆಗೆ ಅಕ್ಕ ಗಾಬರಿಯಿಂದ ಎದ್ದಳು. "ಎಬ್ಬಿಸ್ಬಾರ್ದಾ ಪುಟ್ಟಿ? ಹಸ ಕರ್ಯೋರ್ ಯಾರು, ಡೈರಿಗೆ ಹಾಲಾಕೋರ್ ಯಾರು?" ಸೆರಗು ಸರಿಮಾಡಿಕೊಳ್ಳುತ್ತಲೇ ಮಗುವನ್ನೆಳೆದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು. ಯೂನಿಫಾರಂ ಚೀಲ ಹಿಡಿದು ನಾನು ಹಿಂದೆ.

ಮಾರನೆಯ ದಿನ ಫೋನ್ ಮಾಡಿದಾಗ ಮಾತು ಮಾತಿನ ನಡುವೆ ಹೇಳಿದಳು. ಅವತ್ತು ಹಾಲು ಡೈರಿಗೆ ಹೋಗಲಿಲ್ಲ, ಹಸು ಕೆಚ್ಚಲು ಬಿಗಿದು ಕೂಗುತ್ತಿತ್ತು, ಮನೆಯವರು ಊರೆಲ್ಲ ಕೇಳುವಂತೆ ಬೈದರು. ಎಲ್ಲ ಮುಗಿಸಿ ಮಲಗಿದಾಗ ಹನ್ನೆರಡು.