ಬಿಸಿನೀರಿನ ಡಾಕ್ಟರು ಮತ್ತು ಹೆಸರುಬೇಳೆ ಪಾಯಸ

ತೊಂಬತ್ತರ ದಶಕದ ಒಂದು ಜೂನ್. ಗಲ್ಫಿನ ಸೂರ್ ಪಟ್ಟಣದ ಹತ್ತಿರದ ಕಾರ್ಮಿಕರ ಕ್ಯಾಂಪಿನ ಮೆಸ್ಸಿಗೆ ನಾನು ಸೂಪರ್‌ವೈಸರ್. ಬಂದವರಿಗೆಲ್ಲ ಮೊದಲು ಐಸ್ ನೀರು ಕೊಡುವುದು ನಮ್ಮ ಉಪಚಾರ. ಚೀನೀ ಕೆಲಸಗಾರರ ಜೊತೆ ಬಂದಿದ್ದ ಅವರ ನಾಟಿ ವೈದ್ಯ ಲಿಯು ಮಾತ್ರ ಗ್ಲಾಸನ್ನು ಬದಿಗೆ ಸರಿಸಿ, ಆ ಧಗೆಯಲ್ಲಿ ಫ್ಲಾಸ್ಕಿನ ಬಿಸಿನೀರು ಕುಡಿದರು!

"ನಮ್ಮ ವೈದ್ಯದ ಪ್ರಕಾರ ಬೇಸಿಗೆ ಹೃದಯದ ಕಾಲ. ಐಸ್ ಹೊಟ್ಟೆಯ ಬೆಂಕಿ ಆರಿಸುತ್ತದೆ. ಹೆಸರುಕಾಳು ಬೇಯಿಸಿ, ಸಿಹಿ ಹಾಕಿ ಕುಡಿಯಬೇಕು" ಎಂದರು, ಹರಕುಮುರುಕು ಇಂಗ್ಲಿಷಿನಲ್ಲಿ.

ನಾನು ಎದ್ದೇ ನಿಂತೆ. "ಡಾಕ್ಟರೇ, ಅದು ನಮ್ಮೂರಿನದ್ದು!" ಅಡುಗೆಮನೆಗೆ ಓಡಿದೆ. "ಭಟ್ರೇ, ಹೆಸರುಬೇಳೆ ಪಾಯಸ ಮಾಡಿ, ಬೇಗ ಬೇಗ, ಯಲ್ಲಾ ಯಲ್ಲಾ!" ಎಂದು ಅರಬಿಯಲ್ಲೂ ಅವಸರಿಸಿದೆ.

ಬೆಲ್ಲ, ತೆಂಗಿನಹಾಲು ಹಾಕಿದ ಬಿಸಿಬಿಸಿ ಪಾಯಸವನ್ನು ಲಿಯು ಕಣ್ಣು ಮುಚ್ಚಿ ಕುಡಿದರು. ಮತ್ತೆ ಬಟ್ಟಲು ಚಾಚಿದರು.

"ನೀವಿದನ್ನು ಯಾವ ಋತುವಿನಲ್ಲಿ ಕುಡಿಯುತ್ತೀರಿ?"

"ಋತು ಗಿತು ಇಲ್ಲ ಡಾಕ್ಟರೇ. ಮದುವೆಗೆ ಮಾಡುವುದು."

"ಮದುವೆ ಯಾವಾಗ?"

"ಹೆಚ್ಚಿನವು ಮೇ ತಿಂಗಳಲ್ಲಿ."

"ನೋಡಿ! ನಿಮ್ಮ ಹಿರಿಯರು ಎಂಥ ಜಾಣರು!" ಎಂದು ಮೇಜು ಕುಟ್ಟಿದರು.

ಮೇ ತಿಂಗಳ ಸೆಕೆಯಲ್ಲಿ ಕೋಟು ತೊಟ್ಟು ಮದುವೆಯಾದ ನನಗೆ ಅಷ್ಟು ಖಾತ್ರಿ ಇಲ್ಲ. ಜಾಣರಾಗಿದ್ದರೆ ಮೇಯಲ್ಲಿ ಬರೀ ಪಾಯಸ ಕೊಟ್ಟು, ಮದುವೆಯನ್ನು ಡಿಸೆಂಬರಿಗೆ ಇಡುತ್ತಿದ್ದರು.