ಬಣ್ಣ ಹೊಂದಿಸಲು ಒಂದು ಕೈ

ಯಲ್ಲಾಪುರದಲ್ಲಿ ನಾನು ಫೋಟೊ ಸ್ಟುಡಿಯೊ ಇಟ್ಟು ಇಪ್ಪತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ಯಾರ ಮುಖವನ್ನೂ ಇದ್ದ ಹಾಗೆ ಕೊಟ್ಟವನಲ್ಲ. ಕಂಪ್ಯೂಟರಿನಲ್ಲಿ ಎರಡು ಸಲ ಒತ್ತಿದರೆ ಬಿಸಿಲಲ್ಲಿ ಬೆಂದವರೂ ಕ್ರೀಮಿನ ಜಾಹೀರಾತಿನವರಾಗುತ್ತಾರೆ. ಬೆಳ್ಳಗೆ ಮಾಡಿ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮಾಡದಿದ್ದರೆ ಮಾತ್ರ ಮುಂದಿನ ಸಲ ಶಿರಸಿಯ ಸ್ಟುಡಿಯೊಗೆ ಹೋಗುತ್ತಾರೆ. ಫೋಟೊ ನೋಡಿ ಒಪ್ಪಿದ ಗಂಡಿನ ಕಡೆಯವರು ಹುಡುಗಿಯನ್ನು ಕಣ್ಣಾರೆ ಕಂಡ ಮೇಲೆ ನನ್ನ ಅಂಗಡಿಗೇ ಬಂದು ಬೈದದ್ದೂ ಇದೆ.

ಹೋದ ವರ್ಷ ಯಾವುದೋ ಧಾರಾವಾಹಿಯವರು ನಮ್ಮ ಕಡೆಯ ಕಾಡಿಗೆ ಶೂಟಿಂಗಿಗೆ ಬಂದರು. ನಾಯಕಿಯ ಗೆಳತಿಯ ಪಾತ್ರಕ್ಕೆ ಸಿದ್ದಿ ಹುಡುಗಿ ಬೇಕು, ಫೋಟೊ ಕಳಿಸಿ ಎಂದು ಅವರ ಮ್ಯಾನೇಜರ್ ಫೋನ್ ಮಾಡಿದ. ನನಗೆ ನೆನಪಾದವಳು ಒಬ್ಬಳೇ. ಕಾಲೇಜಿನ ನಾಟಕದಲ್ಲಿ ಅವಳು ಮಾತಾಡಲು ನಿಂತರೆ ಹಿಂದಿನ ಬೆಂಚಿನ ಪುಂಡರೂ ತೆಪ್ಪಗಾಗುತ್ತಿದ್ದರು. ಎಲ್ಲ ಸಿದ್ದಿಗಳ ಹಾಗೆ ಅವಳ ಹಿರಿಯರೂ ಯಾವುದೋ ಕಾಲದಲ್ಲಿ ಆಫ್ರಿಕದಿಂದ ಬಂದವರು. ಪ್ರವಾಸಿಗರು ಈಗಲೂ ಅವಳನ್ನು ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವಳು ‘ಇಲ್ಲೇ, ಯಲ್ಲಾಪುರ’ ಎಂದು ಕನ್ನಡದಲ್ಲಿ ಹೇಳುತ್ತಾಳೆ.

ಹೇಳಿ ಕಳಿಸಿದ್ದಕ್ಕೆ ಹೊಲಿಗೆ ಕ್ಲಾಸಿಗೆ ರಜೆ ಹಾಕಿ ಬಂದಳು. “ಟೀವಿಯಲ್ಲಿ ನಮ್ಮವ್ರು ಬಂದ್ರೂ ಹಿಂದೆ ಕುಣೀಲಿಕ್ಕೆ ಅಷ್ಟೇ ಅಣ್ಣ. ಇದ್ರಲ್ಲಿ ಮಾತು ಅದೆ ಅಲ್ವಾ?” ಎಂದು ಎರಡೆರಡು ಸಲ ಕೇಳಿದಳು. ಅದೆ ಅಂದೆ. ಐದು ಫೋಟೊ ತೆಗೆದೆ. ಕಳಿಸುವ ಮುಂಚೆ, ಪಾಪ, ಅವಳಿಗೆ ಒಳ್ಳೆಯದಾಗಲಿ ಎಂದು ಐದನ್ನೂ ಬೆಳ್ಳಗೆ ಮಾಡಿದೆ. ಸಿದ್ದಿ ಹುಡುಗಿಯೇ ಬೇಕು ಎಂದವರಿಗೆ! ನನ್ನ ತಲೆಗೆ ಏನಾಗಿತ್ತೋ.

ಸಂಜೆಯೇ ಮ್ಯಾನೇಜರ್ ಫೋನ್ ಮಾಡಿದ. “ಇವ್ರು ಸಿದ್ದಿ ಥರ ಕಾಣಲ್ಲ ಸಾರ್. ಒರಿಜಿನಲ್ ಯಾರೂ ಸಿಗ್ಲಿಲ್ವಾ?” ನಾಚಿಕೆಯಿಂದ ಸತ್ತೇ ಹೋದೆ. ತಿದ್ದದ ಫೋಟೊಗಳನ್ನು ಆಗಲೇ ಕಳಿಸಿದೆ. ಮರುದಿನ ಉತ್ತರ ಬಂತು: “ಇದು ತುಂಬಾ ಕಪ್ಪಾಯ್ತು. ಟೀವಿಯಲ್ಲಿ ಮುಖವೇ ಕಾಣಲ್ಲ.” ಮೊದಲೇ ಸರಿಯಾದದ್ದನ್ನು ಕಳಿಸಿದ್ದರೆ ಆಗುತ್ತಿತ್ತು ಎಂದುಕೊಳ್ಳುವ ಸಮಾಧಾನವೂ ನನಗೆ ಉಳಿಯಲಿಲ್ಲ. ಅವಳಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಹೂಂ ಅಂದಳು.

ಶೂಟಿಂಗಿನ ದಿನ ಸ್ಟಿಲ್ ಫೋಟೊ ತೆಗೆಯಲು ನನ್ನನ್ನು ಕರೆದಿದ್ದರು. ಹೋಗಬಾರದಿತ್ತು, ಹೋದೆ. ಗುಂಪಿನಲ್ಲಿ ನಿಲ್ಲಲು ಅವಳೂ ಬಂದಿದ್ದಳು. ಗೆಳತಿಯ ಪಾತ್ರಕ್ಕೆ ಬೆಂಗಳೂರಿನ ಬೆಳ್ಳನೆಯ ಹುಡುಗಿಯನ್ನು ಕೂರಿಸಿ ಮೇಕಪ್‌ನವನು ಕಪ್ಪು ಬಳಿಯುತ್ತಿದ್ದ. ಎಷ್ಟು ಬಳಿದರೂ ಅವನಿಗೆ ತೃಪ್ತಿಯಿಲ್ಲ. ಸುತ್ತ ಕಣ್ಣಾಡಿಸಿ ಗುಂಪಿನಲ್ಲಿದ್ದ ಇವಳನ್ನೇ ಕರೆದ. ಇವಳ ತೋಳನ್ನು ಆ ನಟಿಯ ಕೆನ್ನೆಯ ಪಕ್ಕ ಹಿಡಿಸಿ, ನೋಡಿ ನೋಡಿ ಬಣ್ಣ ಹೊಂದಿಸತೊಡಗಿದ. ನಟಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಬಹಳ ಹೊತ್ತು ಹಾಗೇ ನಿಂತ ಇವಳು ನನ್ನತ್ತ ತಿರುಗಿ ಮೆಲ್ಲಗೆ ಕೇಳಿದಳು.

“ಅಣ್ಣ, ಮುಖ ಕಾಣೂದಿಲ್ಲ ಅಂದ್ರಲ್ಲ. ಕೈ ಕಾಣ್ತದಾ ಇವ್ರಿಗೆ?”

ಅಷ್ಟರಲ್ಲಿ ಮ್ಯಾನೇಜರ್ ನನಗೆ ಕೂಗಿ ಹೇಳಿದ, ಈ ಮೇಡಮ್ಮಂದು ಒಂದು ಕ್ಲೋಸಪ್ ಬೇಕು, ಬೇಗ. ಕ್ಯಾಮೆರಾ ಎತ್ತಿದೆ. ಚೌಕಟ್ಟಿನೊಳಗೆ ಇವಳ ಕೈ ಅಡ್ಡ ಬರುತ್ತಿತ್ತು.

“ಕೈ ತೆಗಿ ತಂಗಿ” ಅಂದೆ.

ತೆಗೆದಳು.